ಮೂರ್ತಿ ಅಳಬೇಕಿತ್ತು, ಜನ ನಗಬೇಕಿತ್ತು

ಒಂದು ಸಣ್ಣ ಊರು. ಅಲ್ಲೊಂದು ಮೂರ್ತಿ ಕಣ್ಣೀರು ಹಾಕುತ್ತದೆ. ಊರಿಗೆ ಊರೇ ಮುಗಿಬೀಳುತ್ತದೆ. ನನ್ನ ಕಿರುಚಿತ್ರದ ಎಳೆ ಇಷ್ಟೇ. ಮೊದಲ ಸ್ಕ್ರಿಪ್ಟ್‌ನಲ್ಲಿ ಇದೆಲ್ಲ ಒಬ್ಬ ಕಳ್ಳನ ಕೈವಾಡ, ನಂಬಿದವರೆಲ್ಲ ಪೆದ್ದರು. ಕಲಾವಿದರ ಮುಂದೆ ಓದಿದೆ. ಒಬ್ಬರೂ ನಗಲಿಲ್ಲ.

ದಾರಿ ತೋರಿಸಿದ್ದು 2012ರಲ್ಲಿ ಮುಂಬೈಯಲ್ಲಿ ನಡೆದ ಘಟನೆ. ಯೇಸುವಿನ ಮೂರ್ತಿಯೊಂದರ ಪಾದದಿಂದ ನೀರು ತೊಟ್ಟಿಕ್ಕುತ್ತಿತ್ತು. ವಿಚಾರವಾದಿ ಸನಲ್ ಎಡಮರುಕು ಹೋಗಿ ನೋಡಿ, ಚರಂಡಿ ಕಟ್ಟಿಕೊಂಡು ನೀರು ಗೋಡೆಯೊಳಗೆ ಏರುತ್ತಿದೆ ಎಂದರು. ಬತ್ತಿಗೆ ಎಣ್ಣೆ ಏರುತ್ತದಲ್ಲ, ಹಾಗೆ. (ಇಷ್ಟು ಹೇಳಿದ್ದಕ್ಕೆ ಅವರ ಮೇಲೆ ದೂರುಗಳಾದವು, ಅವರು ಫಿನ್‌ಲೆಂಡ್‌ಗೆ ಹೋಗಿಬಿಟ್ಟರು.) ಅಂದರೆ, ಪವಾಡಕ್ಕೆ ಮೋಸಗಾರನೇ ಬೇಕಿಲ್ಲ!

ಕಳ್ಳನನ್ನು ತೆಗೆದೆ, ಪ್ಲಂಬರ್‌ನನ್ನು ತಂದೆ. ಎಲ್ಲಿ ಸೋರುತ್ತಿದೆ ಅನ್ನೋದು ಅವನೊಬ್ಬನಿಗೇ ಗೊತ್ತು. ಆದರೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತವಳು ಅವನ ತಾಯಿ. ದಿನಾ ಸ್ಪ್ಯಾನರ್ ಹಿಡಿದು ಬರುತ್ತಾನೆ, ದಿನಾ ಹಾಗೇ ವಾಪಸ್ ಹೋಗುತ್ತಾನೆ. ಈ ಸಲ ಓದಿದಾಗ ನಗು ಬಂತು. ತಾಯಿ ಪಾತ್ರದವರಿಗೆ ನಾನು ಹೇಳಿದ್ದು ಒಂದೇ: "ಇದು ಕಾಮಿಡಿ ಅನ್ನೋದನ್ನೇ ಮರೆತುಬಿಡಿ ಅಮ್ಮಾ."

ಇನ್ನು ಕಣ್ಣೀರು. ಸಣ್ಣ ಟ್ಯೂಬ್ ಇಟ್ಟು ನೋಡಿದೆವು, ನಲ್ಲಿ ಬಿಟ್ಟ ಹಾಗೆ ಸುರಿಯಿತು. ಗ್ಲಿಸರಿನ್ ಹಚ್ಚಿದೆವು, ಮೂರ್ತಿಗೆ ನೆಗಡಿ ಆದ ಹಾಗೆ ಕಂಡಿತು. ಕೊನೆಗೆ ಕೈಹಿಡಿದದ್ದು ಇಟಲಿಯ ರಸಾಯನಶಾಸ್ತ್ರಜ್ಞ ಲುಯಿಜಿ ಗಾರ್ಲಸ್ಕೆಲ್ಲಿ 1995ರಲ್ಲಿ ತೋರಿಸಿದ ಉಪಾಯ. ಒಳಗೆ ಟೊಳ್ಳಾದ ಪ್ಲಾಸ್ಟರ್ ಮೂರ್ತಿ, ಹೊರಗೆ ನೀರು ಬಿಡದ ಮೆರುಗು ಲೇಪ. ತಲೆಯಲ್ಲಿ ಸಣ್ಣ ತೂತು ಕೊರೆದು ನೀರು ತುಂಬಬೇಕು. ಪ್ಲಾಸ್ಟರ್ ನೀರು ಹೀರಿಕೊಳ್ಳುತ್ತದೆ, ಲೇಪ ಹೊರಗೆ ಬಿಡುವುದಿಲ್ಲ. ಕಣ್ಣಿನ ಹತ್ತಿರ ಮಾತ್ರ ಸೂಜಿಯಿಂದ ಲೇಪ ಕೆರೆದರೆ ಅಲ್ಲಿಂದ ಹನಿ ಇಳಿಯುತ್ತದೆ.

ತೊಂದರೆ ಏನೆಂದರೆ ಅದು 'ಆಕ್ಷನ್' ಅಂದ ತಕ್ಷಣ ಅಳುವುದಿಲ್ಲ. ಮಧ್ಯಾಹ್ನವೆಲ್ಲ ಕಾದೆವು. ಬೈದುಕೊಂಡು ಪ್ಯಾಕಪ್ ಹೇಳಿದೆ. ಲೈಟ್ ಬಿಚ್ಚುವಾಗ ಒಂದು ಹನಿ ಇಳಿಯಿತು. ನಾನು ಸೂಜಿಯಲ್ಲಿ ಕೆರೆಯುವಾಗ ಪಕ್ಕದಲ್ಲೇ ಕೂತು ನೋಡಿದ್ದ ಆ ತಾಯಿ ಪಾತ್ರದವರು ಥಟ್ಟನೆ ಕೈಮುಗಿದರು. ಆಮೇಲೆ ಕೇಳಿದರೆ, "ಕೈ ತಾನಾಗೇ ಹೋಯ್ತು, ಏನ್ ಮಾಡ್ಲಿ" ಎಂದು ನಾಚಿಕೊಂಡರು.

ಕ್ಯಾಮೆರಾ ಇನ್ನೂ ಓಡುತ್ತಿತ್ತು. ಚಿತ್ರದಲ್ಲಿ ಉಳಿದಿರುವ ಶಾಟ್ ಅದೇ. ಹಿಂದೆ ಯಾರೋ "ವೈರ್ ಸುತ್ರೋ" ಎಂದು ಕೂಗಿದ್ದು ಮಾತ್ರ ಡಬ್ಬಿಂಗ್‌ನಲ್ಲಿ ತೆಗೆಸಬೇಕಾಯಿತು.