ಹೊರವಲಯದ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ನೋಡಿ ತಿಳಿಯುವ ಬಗೆ

ಮಗುವನ್ನು ಬಡಾವಣೆಗೆ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿಸುವ ಮುನ್ನ ಪೋಷಕರು ಸಾಮಾನ್ಯವಾಗಿ ಕೇಳುವುದು ಕೊಠಡಿಗಳೆಷ್ಟು, ಶಿಕ್ಷಕರೆಷ್ಟು, ಮೈದಾನವಿದೆಯೇ ಎಂಬ ಮೂರು ಪ್ರಶ್ನೆಗಳನ್ನು. ಇವಕ್ಕೆ ಶಾಲೆಯ ಕಚೇರಿಯಲ್ಲಿ ಕುಳಿತೇ ಉತ್ತರ ಪಡೆಯಬಹುದು. ಆದರೆ ದಾಖಲೆಯಲ್ಲಿರುವ ಸೌಲಭ್ಯ ಮಕ್ಕಳ ಕೈಗೆ ಎಟುಕುತ್ತಿದೆಯೇ ಎಂಬುದು ಅಲ್ಲಿ ಗೊತ್ತಾಗುವುದಿಲ್ಲ. ಆದ್ದರಿಂದ ಮುಖ್ಯ ಶಿಕ್ಷಕರ ಅನುಮತಿ ಪಡೆದು, ತರಗತಿಗಳು ನಡೆಯುವ ದಿನವೇ, ಮೊದಲ ಗಂಟೆ ಬಾರಿಸುವುದಕ್ಕೆ ಅರ್ಧ ತಾಸು ಮುಂಚೆ ಹೋಗಿ ಮೊದಲ ಬಿಡುವು ಮುಗಿಯುವವರೆಗೂ ಅಲ್ಲಿರಬೇಕು. ರಜಾದಿನದಲ್ಲಿ ಹೋದರೆ ಕಾಣಸಿಗುವುದು ಕಟ್ಟಡ ಮಾತ್ರ.

ಮೊದಲು ಗೇಟಿನ ಎದುರು ನಿಲ್ಲಿ. ಹೊರವಲಯದ ಶಾಲೆಗಳಲ್ಲಿ ಹಲವು ಊರು ಚಿಕ್ಕದಿದ್ದಾಗ ಕಟ್ಟಿದವು; ಆಮೇಲೆ ಎದುರಿನ ದಾರಿ ಅಗಲವಾಗಿ ವಾಹನಗಳ ವೇಗ ಹೆಚ್ಚಿರುತ್ತದೆ, ಗೇಟು ಮಾತ್ರ ಇದ್ದಲ್ಲಿಯೇ ಇರುತ್ತದೆ. ಮಕ್ಕಳು ರಸ್ತೆ ದಾಟುವ ಜಾಗ ಯಾವುದು, ಅಲ್ಲಿ ದೊಡ್ಡವರೊಬ್ಬರು ನಿಂತಿರುತ್ತಾರೆಯೇ, ಬಿಡಲು ಬಂದ ವಾಹನಗಳೇ ಗೇಟಿಗೆ ಅಡ್ಡವಾಗುತ್ತಿವೆಯೇ ಎಂಬುದನ್ನು ಹತ್ತು ನಿಮಿಷ ನಿಂತರೆ ತಿಳಿಯಬಹುದು. ನಿಮ್ಮ ಮಗು ನಡೆದೇ ಬರುವುದಾದರೆ ಮನೆಯಿಂದ ಆ ದಾರಿಯನ್ನು ಅದೇ ಹೊತ್ತಿನಲ್ಲಿ ಒಮ್ಮೆ ನಡೆದು ನೋಡಿ.

ಒಳಗೆ ಹೋದ ಮೇಲೆ ಕುಡಿಯುವ ನೀರಿನ ಕಡೆ ಗಮನ ಕೊಡಿ. ನಾನೊಮ್ಮೆ ನೋಡಿದ ಶಾಲೆಯಲ್ಲಿ ಎಂಟು ನಲ್ಲಿಗಳ ಸಾಲಿತ್ತು. ಕೊನೆಯ ಎರಡರ ಕೆಳಗಷ್ಟೇ ಸಿಮೆಂಟು ಒದ್ದೆಯಾಗಿ ಪಾಚಿ ಹಿಡಿದಿತ್ತು. ಉಳಿದ ಆರನ್ನು ತಿರುಗಿಸಲು ಹೋದರೆ ತುಕ್ಕು ಕೈಗೆ ಹತ್ತಿತೇ ಹೊರತು ನೀರು ಬರಲಿಲ್ಲ. ನಲ್ಲಿಗಳನ್ನು ಎಣಿಸುವುದಕ್ಕಿಂತ ಅವುಗಳ ಕೆಳಗಿನ ನೆಲವನ್ನು ನೋಡುವುದು ಲೇಸೆಂದು ನಾನು ಕಲಿತದ್ದು ಅಲ್ಲಿಯೇ. ನಲ್ಲಿ ಒಂದನೇ ತರಗತಿಯ ಮಗುವಿಗೆ ಎಟುಕುವ ಎತ್ತರದಲ್ಲಿದೆಯೇ, ನೀರಿನ ತೊಟ್ಟಿಗೆ ಮುಚ್ಚಳವಿದೆಯೇ, ಅದನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ ಎಂದು ವಿಚಾರಿಸಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಶಾಲಾ ನೈರ್ಮಲ್ಯದ ಮಾನದಂಡಗಳು ಹಗಲು ಶಾಲೆಯಲ್ಲಿ ಮಕ್ಕಳು, ಸಿಬ್ಬಂದಿ ಸೇರಿದಂತೆ ಒಬ್ಬರಿಗೆ ದಿನಕ್ಕೆ 5 ಲೀಟರ್ ನೀರು ಬೇಕೆಂದು ಹೇಳುತ್ತವೆ; ನೀರು ಸುರಿಯುವ ಶೌಚಾಲಯಗಳಿಗೆ ಬೇಕಾದ ನೀರು ಇದಕ್ಕೆ ಹೊರತಾದದ್ದು.

ಶೌಚಾಲಯದ ವಿಷಯವನ್ನು ಕೇಳಲು ಸಂಕೋಚಪಡುವವರೇ ಹೆಚ್ಚು, ಆದರೆ ಶಾಲೆಯ ನಿತ್ಯಜೀವನ ಸ್ಪಷ್ಟವಾಗಿ ತಿಳಿಯುವುದು ಅಲ್ಲಿಯೇ. ಅದೇ ಮಾನದಂಡಗಳ ಪ್ರಕಾರ 25 ಹುಡುಗಿಯರಿಗೆ ಒಂದು ಶೌಚಾಲಯ, 50 ಹುಡುಗರಿಗೆ ಒಂದು ಶೌಚಾಲಯ ಮತ್ತು ಒಂದು ಮೂತ್ರಾಲಯ ಇರಬೇಕು. 150 ಹುಡುಗಿಯರಿರುವ ಶಾಲೆಯಲ್ಲಿ ಆರು ಶೌಚಾಲಯಗಳಿದ್ದು, ಅವುಗಳಲ್ಲಿ ಎರಡಕ್ಕೆ ಬೀಗ ಬಿದ್ದಿದೆ ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ಹಿಡಿದರೆ, 15 ನಿಮಿಷದ ಬಿಡುವಿನಲ್ಲಿ ಉಳಿದ ನಾಲ್ಕು ಶೌಚಾಲಯಗಳನ್ನು ಬಳಸಲಾಗುವುದು 40 ಹುಡುಗಿಯರಿಗೆ ಮಾತ್ರ. ಮಿಕ್ಕವರಲ್ಲಿ ಕೆಲವರು ತಡೆದುಕೊಂಡು ತರಗತಿಗೆ ಮರಳುತ್ತಾರೆ, ಕೆಲವರು ಅಲ್ಲಿಗೆ ಹೋಗುವ ಪ್ರಮೇಯವೇ ಬಾರದಿರಲೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಸಂಜೆ ಬಾಟಲಿ ತುಂಬಿದಂತೆಯೇ ಮನೆಗೆ ಬಂದರೆ ಮಗುವನ್ನು ಗದರಿಸುವ ಮೊದಲು ಈ ಲೆಕ್ಕವನ್ನು ನೆನೆಯಬೇಕು. ಪಾಠದ ನಡುವೆ ಹೋಗಲು ಮಕ್ಕಳಿಗೆ ಅನುಮತಿಯಿದೆಯೇ ಎಂದು ಶಿಕ್ಷಕರನ್ನು ಕೇಳಿ. ಬಾಗಿಲಿನ ಚಿಲಕ ಒಳಗಿನಿಂದ ಹಾಕಲು ಬರುತ್ತದೆಯೇ, ಆರು ವರ್ಷದ ಮಗುವಿನ ಬೆರಳಿಗೆ ಅದು ಬಗ್ಗುತ್ತದೆಯೇ ಎಂದು ನೀವೇ ಪರೀಕ್ಷಿಸಿ. ಕೈ ತೊಳೆಯುವಲ್ಲಿ ಸೋಪು ಇದೆಯೇ, ಇದ್ದರೆ ಅದು ಒದ್ದೆಯಾಗಿ ಸವೆದಿದೆಯೇ ಅಥವಾ ಅತಿಥಿಗಳಿಗೆಂದು ಅದೇ ತಾನೇ ಹೊದಿಕೆ ಬಿಚ್ಚಿಟ್ಟದ್ದೇ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ.

ತರಗತಿಯಲ್ಲಿ ಅನುಮತಿ ದೊರೆತರೆ ಕೊನೆಯ ಸಾಲಿನಲ್ಲಿ, ಮಕ್ಕಳ ಮಟ್ಟಕ್ಕೆ ಕುಳಿತುಕೊಳ್ಳಿ. ಕಪ್ಪುಹಲಗೆಯ ಮೇಲೆ ಕಿಟಕಿಯ ಬೆಳಕು ಹೊಳೆದು ಅಕ್ಷರಗಳು ಮಾಯವಾಗುತ್ತವೆಯೇ, ಶಿಕ್ಷಕರ ಮಾತು ಅಲ್ಲಿಯವರೆಗೆ ಕೇಳಿಸುತ್ತದೆಯೇ ಎಂಬುದು ನಿಂತು ನೋಡಿದರೆ ಗೊತ್ತಾಗದು. ಪಾಠ ನಡೆಯುವಾಗ ತರಗತಿಯೊಳಗಿನ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ; ಹೆದ್ದಾರಿಯ ಪಕ್ಕದ ಕೊಠಡಿಯಲ್ಲಿ ಕಿಟಕಿ ತೆರೆದಿಟ್ಟು ಇದನ್ನು ಸಾಧಿಸುವುದು ಕಷ್ಟ, ಮುಚ್ಚಿದರೆ ಗಾಳಿಯಾಡುವುದಿಲ್ಲ. ಈ ಇಕ್ಕಟ್ಟನ್ನು ಬಲ್ಲ ಶಾಲೆಗಳು ಚಿಕ್ಕ ತರಗತಿಗಳನ್ನು ರಸ್ತೆಯಿಂದ ದೂರದ ಕೊಠಡಿಗಳಿಗೆ ಹಾಕುತ್ತವೆ. ಬೆಂಚಿನ ಮೇಲೆ ಕುಳಿತ ಮಕ್ಕಳ ಪಾದ ನೆಲಕ್ಕೆ ತಾಗದೆ ಜೋಲಾಡುತ್ತಿದ್ದರೆ ಆ ಪೀಠೋಪಕರಣ ದೊಡ್ಡ ತರಗತಿಯಿಂದ ಇಳಿದು ಬಂದದ್ದಿರಬೇಕು.

ಗ್ರಂಥಾಲಯವಿದೆಯೆಂದು ಹೇಳಿದರೆ, ಪುಸ್ತಕ ಎರವಲು ಕೊಟ್ಟ ವಹಿಯನ್ನು ತೋರಿಸುವಿರಾ ಎಂದು ವಿನಯದಿಂದ ಕೇಳಿ. ಗಾಜಿನ ಬೀರುವಿನಲ್ಲಿ ಅಂಕಿಯ ಕ್ರಮಕ್ಕೆ ನಿಂತ ಹೊಸ ಪುಸ್ತಕಗಳಿಗಿಂತ, ಅಂಚು ಹರಿದು ಅಂಟುಪಟ್ಟಿ ಹಚ್ಚಿಸಿಕೊಂಡು ತರಗತಿಯ ಮೂಲೆಯ ಪೆಟ್ಟಿಗೆಯಲ್ಲಿ ಬಿದ್ದಿರುವ ಮೂವತ್ತು ಪುಸ್ತಕಗಳೇ ನನ್ನ ಮಟ್ಟಿಗೆ ದೊಡ್ಡ ಗ್ರಂಥಾಲಯ. ಕಂಪ್ಯೂಟರ್ ಕೊಠಡಿಗೂ ಇದೇ ಮಾತು ಸಲ್ಲುತ್ತದೆ.

ಹೊರವಲಯಗಳಲ್ಲಿ ಮನೆಗಳು ಹೆಚ್ಚಿದಂತೆ ದಾಖಲಾತಿಯೂ ಏರುತ್ತದೆ, ಹೊಸ ಕೊಠಡಿಗಳು ಏಳುತ್ತವೆ, ಅವು ಏಳುವುದು ಸಾಮಾನ್ಯವಾಗಿ ಮೈದಾನದ ಒಂದು ಬದಿಯಲ್ಲಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಮೈದಾನದ ಅಳತೆಯ ಜೊತೆಗೆ ಅದನ್ನು ಹಂಚಿಕೊಳ್ಳುವ ರೀತಿಯನ್ನೂ ಕೇಳಬೇಕು: ಎಲ್ಲರಿಗೂ ಒಂದೇ ಬಿಡುವೋ, ದೊಡ್ಡವರಿಗೂ ಚಿಕ್ಕವರಿಗೂ ಬೇರೆ ಬೇರೆ ಹೊತ್ತೋ? ಒಂದೇ ಬಿಡುವಾದರೆ ದೊಡ್ಡ ಹುಡುಗರ ಚೆಂಡು ಮೈದಾನವನ್ನೆಲ್ಲ ಆಳುತ್ತದೆ, ಚಿಕ್ಕವರು ಗೋಡೆಯ ಬದಿಗೆ ಸರಿಯುತ್ತಾರೆ.

ಕೆಲಸದ ಸಲುವಾಗಿ ಮನೆ ಬದಲಿಸುವ ಕುಟುಂಬಗಳಿಂದಾಗಿ ಇಂಥ ಶಾಲೆಗಳಿಗೆ ವರ್ಷದ ನಡುವೆಯೂ ಮಕ್ಕಳು ಬಂದು ಸೇರುತ್ತಾರೆ. ಮನೆಯಲ್ಲಿ ಬೇರೆ ಭಾಷೆಯಾಡುವ ಹೊಸ ಮಗು ಬಂದ ಮೊದಲ ವಾರ ಅದರ ಪಕ್ಕದಲ್ಲಿ ಯಾರನ್ನು ಕೂರಿಸುತ್ತೀರಿ ಎಂದು ತರಗತಿಯ ಶಿಕ್ಷಕರನ್ನು ಕೇಳಿ ನೋಡಿ. ಈ ಪ್ರಶ್ನೆಗೆ ಮಗುವೊಂದರ ಹೆಸರು ಹೇಳಿ ಉತ್ತರಿಸುವ ಶಿಕ್ಷಕರು ಸಿಕ್ಕರೆ, ಎರಡು ನಲ್ಲಿ ಕೆಟ್ಟಿದ್ದರೂ ನಾನು ಆ ಶಾಲೆಯನ್ನೇ ಆರಿಸುತ್ತೇನೆ.

ಕಂಡ ಕೊರತೆಗಳನ್ನು ಅಂದೇ ಕಚೇರಿಯಲ್ಲಿ ಒಟ್ಟಾಗಿ ಸುರಿಯಬೇಡಿ. ದಾಖಲಾತಿಯಾದ ಮೇಲೆ ಬರುವ ಮೊದಲ ಪೋಷಕರ ಸಭೆಯಲ್ಲಿ ಒಂದನ್ನು ಮಾತ್ರ, ಜಾಗ ಮತ್ತು ಲೆಕ್ಕದ ಸಮೇತ, ಬರಹದಲ್ಲಿ ಕೊಡಿ. ‘ಸ್ವಚ್ಛತೆ ಸರಿಯಿಲ್ಲ’ ಎಂದು ಬರೆದರೆ ಅದಕ್ಕೆ ‘ಗಮನಿಸಲಾಗುವುದು’ ಎಂಬ ಉತ್ತರವಷ್ಟೇ ಬರುತ್ತದೆ. ‘ಹುಡುಗಿಯರ ಶೌಚಾಲಯದಲ್ಲಿ ಎಡದಿಂದ ಮೂರನೆಯ ಬಾಗಿಲಿಗೆ ಚಿಲಕವಿಲ್ಲ’ ಎಂದು ಬರೆದರೆ ಚಿಲಕವನ್ನು ಯಾರು, ಎಂದು ಹಾಕಿಸುತ್ತಾರೆಂಬುದನ್ನು ಅದೇ ಸಭೆಯಲ್ಲಿ ಗೊತ್ತುಮಾಡಿಕೊಂಡು ಏಳಬಹುದು.