ಹುಳುವಿನ ಬಾಯಿಂದ ಕಾಳು ಉಳಿಸಿಕೊಂಡ ಬಗೆ

ಆ ವರ್ಷ ಮೆಕ್ಕೆಜೋಳ ಚೆನ್ನಾಗಿಯೇ ಬಂದಿತ್ತು. ಚೀಲ ತುಂಬಿ ಕೋಣೆಯಲ್ಲಿ ಒಟ್ಟಿದ್ದೆ. ನಾಲ್ಕು ತಿಂಗಳಾದ ಮೇಲೆ ಒಂದು ಚೀಲ ಬಿಚ್ಚಿ ಕೈ ಹಾಕಿದರೆ ಒಳಗೆಲ್ಲ ಬೆಚ್ಚಗೆ. ಬೆರಳಿಗೆ ಹಿಟ್ಟು ಮೆತ್ತಿಕೊಂಡಿತು. ಕಾಳಿನ ತುಂಬ ತೂತು. ಮುಂದಿನ ಬೆಳೆ ಬರುವವರೆಗೆ ಮನೆಮಂದಿ ಉಣ್ಣಬೇಕಿದ್ದ ಕಾಳು ಅದು.

ಮರುವರ್ಷ ಹೆದರಿಕೊಂಡು ಒಕ್ಕಣೆ ಮುಗಿದ ಕೂಡಲೇ ಮಾರಿಬಿಟ್ಟೆ. ಎಲ್ಲರೂ ಆಗಲೇ ಮಾರುತ್ತಾರಲ್ವಾ, ಬೆಲೆ ನೆಲ ಕಚ್ಚಿತ್ತು. ಬಿತ್ತನೆ ಹೊತ್ತಿಗೆ ಅದೇ ಕಾಳನ್ನು ದುಬಾರಿ ಕೊಟ್ಟು ಕೊಂಡು ತಂದೆ. ಆ ದಿನದ ಸಂಕಟ ಇನ್ನೂ ಮರೆತಿಲ್ಲ.

ಉಣ್ಣುವವರು ಜಾಸ್ತಿ, ಭೂಮಿ ಇದ್ದಷ್ಟೇ ಇರುವ ಕಡೆ ಇಳುವರಿ ಹೆಚ್ಚಿಸುವ ಮಾತೇ ಎಲ್ಲರ ಬಾಯಲ್ಲೂ. ಬೆಳೆದದ್ದು ಎಷ್ಟು ಹಾಳಾಗುತ್ತಿದೆ ಅಂತ ಕೇಳುವವರು ಕಡಿಮೆ. ಜಗತ್ತಿನ ಆಹಾರದಲ್ಲಿ ಸುಮಾರು ಶೇ. 14ರಷ್ಟು ಕೊಯ್ಲಿನ ನಂತರ, ಅಂಗಡಿ ಮುಟ್ಟುವ ಮೊದಲೇ ನಷ್ಟವಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತ್ತು.

ನಾನು ಮೊದಲು ಕಲಿತದ್ದು ಒಣಗಿಸುವುದು. ಕಾಳನ್ನು ಬರೀ ನೆಲದ ಮೇಲೆ ಹರಡಿದರೆ ಅಡಿಯಿಂದ ತೇವ ಎಳೆಯುತ್ತದೆ, ಹಾಗಾಗಿ ಟಾರ್ಪಾಲು ಬೇಕೇ ಬೇಕು. ಹಲ್ಲಿನಲ್ಲಿ ಕಡಿದು ನೋಡುವುದನ್ನು ನಾನು ನಂಬುವುದಿಲ್ಲ. ಒಂದು ಒಣ ಗಾಜಿನ ಬಾಟಲಿಗೆ ಕಾಲು ಭಾಗ ಕಾಳು, ಮೇಲೆ ಎರಡು ಮೂರು ಚಮಚ ಚೆನ್ನಾಗಿ ಒಣಗಿಸಿದ ಉಪ್ಪು ಹಾಕಿ ಒಂದು ನಿಮಿಷ ಕುಲುಕುತ್ತೇನೆ. ಕಾಲು ಗಂಟೆ ಸುಮ್ನೆ ಇಡುತ್ತೇನೆ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಜಾಸ್ತಿ ಇದೆ ಅಂತ ಅರ್ಥ. ಅಂಟದಿದ್ದರೂ ಇನ್ನೊಂದು ದಿನ ಬಿಸಿಲು ಕಾಣಿಸುತ್ತೇನೆ. ಹಸಿ ಕಾಳು ಕಟ್ಟಿಟ್ಟರೆ ಬೂಷ್ಟು ಬರುತ್ತದೆ. ಕೆಲವು ಬೂಷ್ಟಿನ ವಿಷ ಲಿವರಿಗೇ ಹೊಡೆತ.

ಆಮೇಲೆ ಗಾಳಿಯಾಡದ ಚೀಲ. ಹೊರಗೆ ನೇಯ್ದ ಚೀಲ, ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಪದರ. ಪಿಕ್ಸ್ ಎಂದು ಕರೆಯುವ ಈ ಬಗೆಯ ಚೀಲ 1980ರ ದಶಕದ ಕೊನೆಯಲ್ಲಿ ಕ್ಯಾಮರೂನ್‌ನಲ್ಲಿ ಅಲಸಂದೆ ಉಳಿಸಲು ನಡೆದ ಕೆಲಸದಿಂದ ಹುಟ್ಟಿದ್ದು. ಹುಳುವಿನ ಮೊಟ್ಟೆ ಎಷ್ಟೋ ಸಲ ಹೊಲದಿಂದಲೇ ಕಾಳಿನೊಳಗೆ ಸೇರಿ ಬಂದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಚೀಲ ಬಿಗಿಯಾಗಿ ಕಟ್ಟಿದರೆ ಒಳಗಿನ ಆಮ್ಲಜನಕವನ್ನು ಹುಳುಗಳೇ ಉಸಿರಾಡಿ ಮುಗಿಸುತ್ತವೆ, ತಿನ್ನುವುದನ್ನು ನಿಲ್ಲಿಸುತ್ತವೆ, ಸಾಯುತ್ತವೆ. ಔಷಧಿಯ ಗೊಡವೆಯೇ ಇಲ್ಲ. ಒಂದೊಂದು ಪದರವನ್ನೂ ಗಾಳಿ ಹಿಂಡಿ, ತಿರುಚಿ, ಮಡಚಿ ಬೇರೆ ಬೇರೆ ಕಟ್ಟಬೇಕು. ಅವಸರ ಮಾಡಬಾರದು.

ಮೊದಲ ಸಲ ಒಂದು ಚೀಲವನ್ನು ಗೋಡೆಗೆ ಒರಗಿಸಿಟ್ಟಿದ್ದೆ. ಇಲಿ ಕಚ್ಚಿ ತೂತು ಮಾಡಿತು, ಒಳಗೆ ಗಾಳಿ ಹೊಕ್ಕಿತು, ಹುಳು ಬಂತು. ಈಗ ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡುತ್ತೇನೆ. ನಡುನಡುವೆ ಬಿಚ್ಚಿ ನೋಡುವ ಆಸೆಯನ್ನೂ ಬಿಟ್ಟಿದ್ದೇನೆ, ಬಿಚ್ಚಿದಷ್ಟು ಸಲ ಹೊಸ ಗಾಳಿ.

ಕಳೆದ ಸಲ ಎಂಟು ತಿಂಗಳಿಗೆ ಬಿಚ್ಚಿದೆ. ಮೇಲೆ ನಾಲ್ಕಾರು ಸತ್ತ ಹುಳು. ಕೆಳಗೆ ಕಾಳು ತಣ್ಣಗೆ, ಮೊರಕ್ಕೆ ಸುರಿದರೆ ಗಲಗಲ ಸದ್ದು. ಈ ಸಲ ಆರು ಚೀಲ ಕಟ್ಟಿದ್ದೇನೆ. ಒಂದರಲ್ಲಿ ಬಿತ್ತನೆ ಬೀಜ ಇದೆ. ಅದನ್ನು ಹದ ಬಂದ ದಿನವೇ ಬಿಚ್ಚುವುದು.