ಹರಿಹರ ರಸ್ತೆಯ ತೋಟದಲ್ಲಿ ಟರ್ಕಿಯ ಬೀದಿ ತಿನಿಸು: ಅಡುಗೆಯವರನ್ನು ಆರಿಸಿದ ನನ್ನ ಅನುಭವ

ಕಳೆದ ಫೆಬ್ರುವರಿಯಲ್ಲಿ ಹರಿಹರ ರಸ್ತೆಯ ತೋಟವೊಂದರಲ್ಲಿ ನಡೆಯಲಿದ್ದ ಆರತಕ್ಷತೆಗೆ ಟರ್ಕಿಯ ಬೀದಿ ತಿನಿಸುಗಳೇ ಬೇಕೆಂದು ವಧುವಿನ ಮನೆಯವರು ಕೇಳಿದಾಗ, ಒಪ್ಪಿಕೊಳ್ಳುವ ಮುನ್ನ ನಾನು ಎರಡು ದಿನ ಸಮಯ ಪಡೆದೆ. ದಾವಣಗೆರೆಯಲ್ಲಿ ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶಗಳ ಊಟೋಪಚಾರದ ವ್ಯವಸ್ಥೆ ಮಾಡುವುದೇ ನನ್ನ ಕೆಲಸ. ಬೆಣ್ಣೆ ದೋಸೆಯ ಕೌಂಟರ್ ಎಲ್ಲಿಡಬೇಕು, ಮಂಡಕ್ಕಿ ಮಿರ್ಚಿಗೆ ಎಷ್ಟು ಜನ ಮುಗಿಬೀಳುತ್ತಾರೆ ಎಂಬುದು ನನಗೆ ಲೆಕ್ಕ ಹಾಕದೆಯೇ ತಿಳಿಯುತ್ತದೆ. ಆದರೆ ಟರ್ಕಿಯ ಅಡುಗೆಯ ವಿಷಯದಲ್ಲಿ ನನಗೆ ಹಿಂದೊಮ್ಮೆ ಪೆಟ್ಟು ಬಿದ್ದಿತ್ತು.

ಅದಕ್ಕೆ ಎರಡು ವರ್ಷ ಮೊದಲು, ಹಳೆಯ ವಿದ್ಯಾರ್ಥಿಗಳ ಕೂಟವೊಂದಕ್ಕೆ ಬೆಂಗಳೂರಿನಿಂದ ಒಂದು ತಂಡವನ್ನು ಕರೆಸಿದ್ದೆ. ಅವರು ಕಳಿಸಿದ್ದ ಚಿತ್ರಗಳು ಸೊಗಸಾಗಿದ್ದವು, ಕೆಂಪು ಟೋಪಿ ಧರಿಸಿದ ಹುಡುಗರೂ ಬಂದರು. ಎಳ್ಳು ಮೆತ್ತಿದ ರೊಟ್ಟಿಯೊಂದನ್ನು ಬಿಟ್ಟರೆ ಬಡಿಸಿದ್ದೆಲ್ಲ ಫಲಾಫೆಲ್, ಹಮ್ಮಸ್ ಮತ್ತು ಮೇಯನೇಸ್ ಸುರಿದ ಷವರ್ಮಾ. ಇಸ್ತಾಂಬುಲ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದಿದ್ದ ಅತಿಥಿಯೊಬ್ಬರು ಊಟದ ನಂತರ ನನ್ನನ್ನು ಪಕ್ಕಕ್ಕೆ ಕರೆದು, “ಸರ್, ಊಟ ಚೆನ್ನಾಗಿತ್ತು. ಆದರೆ ಇದು ಟರ್ಕಿಯದಲ್ಲ, ಲೆಬನಾನ್, ಸಿರಿಯಾ ಕಡೆಯದು. ಬೋರ್ಡಿನಲ್ಲಿ ಹಾಗೇ ಬರೆಸಿದ್ದರೆ ಸರಿಯಾಗುತ್ತಿತ್ತು” ಎಂದರು. ಅವರು ಮೆಲ್ಲಗೆ ಹೇಳಿದ ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಹಣ ಕೊಟ್ಟವರಿಗೆ ಒಂದು ಹೆಸರು ಹೇಳಿ ಇನ್ನೊಂದನ್ನು ಉಣಿಸಿದಂತಾಯಿತಲ್ಲ ಎಂಬ ನೋವು ಅದು.

ಆದ್ದರಿಂದ ಈ ಸಲ ನಾನು ಮೊದಲು ತಿನಿಸುಗಳನ್ನು ತಿಳಿದುಕೊಂಡು, ಆಮೇಲೆ ಅಡುಗೆಯವರನ್ನು ಹುಡುಕಿದೆ. ಡೋನರ್ ಎಂದರೆ ಟರ್ಕಿ ಭಾಷೆಯಲ್ಲಿ ‘ತಿರುಗುವುದು’ ಎಂದರ್ಥ; ಷವರ್ಮಾ ಎಂಬ ಅರಬ್ಬಿ ಹೆಸರು ಕೂಡ ತಿರುಗಿಸುವುದು ಎಂಬರ್ಥದ ಟರ್ಕಿಯ ‘ಚೆವಿರ್ಮೆ’ ಪದದಿಂದಲೇ ಬಂದದ್ದು. ಎರಡೂ ನೆಟ್ಟಗೆ ನಿಲ್ಲಿಸಿದ ಸರಳಿನಲ್ಲಿ ಬೇಯುವ ಮಾಂಸವೇ ಆದರೂ ಮಸಾಲೆ ಬೇರೆ, ಜೊತೆಗೆ ಬರುವ ವ್ಯಂಜನ ಬೇರೆ. ಷವರ್ಮಾಕ್ಕೆ ಏಲಕ್ಕಿ, ದಾಲ್ಚಿನ್ನಿಯ ಘಮವೂ ಬೆಳ್ಳುಳ್ಳಿಯ ಅಥವಾ ಎಳ್ಳಿನ ಲೇಪವೂ ಬೇಕು. ಡೋನರ್‌ನಲ್ಲಿ ಮಾಂಸ ಮತ್ತು ಕೊಬ್ಬಿನ ರುಚಿಯೇ ಮುಂದೆ ನಿಲ್ಲುತ್ತದೆ. ನಮ್ಮೂರಿನಲ್ಲಿ ಕಬಾಬ್ ಎಂದರೆ ಎಣ್ಣೆಯಲ್ಲಿ ಕರಿದ ಕೆಂಪು ಕೋಳಿ ಎಂದೇ ಎಲ್ಲರ ಎಣಿಕೆಯಾದ್ದರಿಂದ, ಟರ್ಕಿಯ ಕಬಾಬ್ ಬೆಂಕಿಯಲ್ಲಿ ಸುಟ್ಟ ಮಾಂಸವೆಂಬುದನ್ನು ಮನೆಯವರಿಗೆ ಮೊದಲೇ ವಿವರಿಸಬೇಕಾಯಿತು. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿರುವುದರಿಂದ, ಕೆಂಪು ಬಣ್ಣ ಕಾಣಲಿಲ್ಲವೆಂದು ಯಾರೂ ದೂರಬಾರದು ಎಂದೂ ಹೇಳಿದೆ.

ಅತಿಥಿಗಳು ಸುಮಾರು 320. ಅವರಲ್ಲಿ 180 ಮಂದಿ ಸಸ್ಯಾಹಾರಿಗಳು. ನಮ್ಮ ಭಾಗದಲ್ಲಿ ಇದೇ ಮುಖ್ಯ ಪ್ರಶ್ನೆ. ಅನೇಕ ಕಲ್ಯಾಣ ಮಂಟಪಗಳಲ್ಲಿ ಮಾಂಸಾಹಾರಕ್ಕೆ ಅವಕಾಶವೇ ಇಲ್ಲದ ಕಾರಣ ಮನೆಯವರು ತೋಟವನ್ನು ಆರಿಸಿದ್ದರು. ಅಷ್ಟಾದರೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಹೆಸರಿಗೊಂದು ಪನೀರ್ ಸುರುಳಿ ಕೊಟ್ಟು ಕಳಿಸುವುದು ಅವಮಾನವೆಂದು ನಾನು ಭಾವಿಸಿದೆ. ಟರ್ಕಿಯ ಬೀದಿಗಳಲ್ಲಿ ಮಾಂಸವಿಲ್ಲದ ತಿನಿಸುಗಳಿಗೆ ಕೊರತೆಯಿಲ್ಲ. ಎಳ್ಳು ಮೆತ್ತಿದ ಬಳೆಯಾಕಾರದ ಸಿಮಿತ್ ರೊಟ್ಟಿ, ತೆಳು ರೊಟ್ಟಿಯೊಳಗೆ ಸೊಪ್ಪು ಅಥವಾ ಆಲೂಗಡ್ಡೆ ತುಂಬಿದ ಗೊಜ್ಲೆಮೆ, ಕೆಂಪು ಬೇಳೆಯ ಮೆರ್ಜಿಮೆಕ್ ಕೊಫ್ತೆ, ಗೋಧಿಯ ಚಿ ಕೊಫ್ತೆ ಎಲ್ಲವೂ ಅಲ್ಲಿಯವೇ. ಚಿ ಕೊಫ್ತೆಯ ಮೂಲ ರೂಪದಲ್ಲಿ ಹಸಿ ಮಾಂಸವಿತ್ತು, ‘ಚಿ’ ಎಂದರೆ ಹಸಿ ಎಂದೇ ಅರ್ಥ. ಆದರೆ ಇಂದು ಅಲ್ಲಿನ ಅಂಗಡಿಗಳಲ್ಲಿ ಮಾರುವುದು ಮಾಂಸವಿಲ್ಲದ ಚಿ ಕೊಫ್ತೆಯನ್ನೇ.

ಮೂರು ತಂಡಗಳಿಗೆ ಫೋನ್ ಮಾಡಿ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿದೆ. ಸಸ್ಯಾಹಾರಿಗಳಿಗೆ ಏನು ಕೊಡುತ್ತೀರಿ, ರೊಟ್ಟಿ ಎಲ್ಲಿ ತಯಾರಾಗುತ್ತದೆ, ಡೋನರ್‌ನ ಮಾಂಸವನ್ನು ಸರಳಿಗೆ ಯಾರು, ಯಾವಾಗ ಜೋಡಿಸುತ್ತಾರೆ? ಮೊದಲನೆಯವರು ಪನೀರ್ ಷವರ್ಮಾ ಎಂದರು, ಅಲ್ಲಿಗೇ ಮಾತು ಮುಗಿಯಿತು. ಎರಡನೆಯವರ ಉತ್ತರಗಳು ಚೆನ್ನಾಗಿದ್ದವು, ಆದರೆ ರುಚಿ ನೋಡಲು ಕರೆಯಿರಿ ಎಂದಾಗ ಅವರು ಮುಂಗಡ ಕೊಡದೆ ಅದು ಸಾಧ್ಯವಿಲ್ಲ ಎಂದರು. ಮೂರನೆಯ ತಂಡದ ಮುಖ್ಯ ಅಡುಗೆಯವರು ಕುಂದಾಪುರದ ಕಡೆಯವರು, ದುಬೈನ ಟರ್ಕಿ ಹೋಟೆಲೊಂದರಲ್ಲಿ ಒಂಬತ್ತು ವರ್ಷ ದುಡಿದವರು. “ಮಾಂಸ ನಾನೇ ಜೋಡಿಸ್ತೇನೆ ಸರ್, ಹಿಂದಿನ ರಾತ್ರಿ. ನೀವು ಬಂದು ನಿಂತು ನೋಡಬಹುದು” ಎಂದರು. ಅಸಲಿತನಕ್ಕೆ ಟರ್ಕಿಯವರೇ ಬರಬೇಕೆಂಬ ಹಟ ನನಗಿರಲಿಲ್ಲ; ಕೈ ಪಳಗಿರಬೇಕು, ಮಾತು ನೇರವಾಗಿರಬೇಕು.

ರುಚಿ ನೋಡಲು ಹೋದ ದಿನ ನಾನು ಹೆಚ್ಚು ಹೊತ್ತು ನಿಂತದ್ದು ಚಿ ಕೊಫ್ತೆಯ ಪರಾತದ ಮುಂದೆ. ಇದಕ್ಕೆ ಬೇಕಾದುದು ಬುಲ್ಗುರ್, ಅಂದರೆ ಬೇಯಿಸಿ, ಒಣಗಿಸಿ, ಆಮೇಲೆ ಒಡೆದ ಗೋಧಿ. ನಮ್ಮ ಅಂಗಡಿಗಳಲ್ಲಿ ಸಿಗುವ ಗೋಧಿ ನುಚ್ಚು ಹಸಿ ಗೋಧಿಯನ್ನು ಒಡೆದದ್ದು. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಆದರೂ, ಒಲೆಯ ಮೇಲೇರದ ಈ ತಿನಿಸಿಗೆ ನುಚ್ಚು ಹಾಕಿದರೆ ಹಲ್ಲಿಗೆ ಹಸಿಕಾಳು ಸಿಗುತ್ತದೆ, ಬೇಯಿಸಿ ಹಾಕಿದರೆ ಉಪ್ಪಿಟ್ಟಿನ ಮುದ್ದೆಯಾಗುತ್ತದೆ. ಅವರು ಸಣ್ಣ ಬುಲ್ಗುರಿಗೆ ಟೊಮೆಟೊ ಮತ್ತು ಮೆಣಸಿನಕಾಯಿಯ ಗಟ್ಟಿ ಪೇಸ್ಟ್, ರುಬ್ಬಿದ ಈರುಳ್ಳಿ ಸೇರಿಸಿ, ಆಗಾಗ ಕೈಗೆ ತಣ್ಣೀರು ಮುಟ್ಟಿಸಿಕೊಳ್ಳುತ್ತ, ಮುಂಗೈಯ ಬಲವೆಲ್ಲ ಹಾಕಿ ಮುಕ್ಕಾಲು ಗಂಟೆ ನಾದಿದರು. ಕಾಳು ಕಾಳಾಗಿದ್ದದ್ದು ನನ್ನ ಕಣ್ಣೆದುರೇ ಒಂದಕ್ಕೊಂದು ಅಂಟಿ, ಬಣ್ಣ ಗಾಢವಾಗಿ, ಹಿಡಿಯಲ್ಲಿ ಅದುಮಿದಾಗ ಐದು ಬೆರಳಿನ ಗುರುತು ನಿಲ್ಲುವ ಹದಕ್ಕೆ ಬಂತು. ಲೆಟ್ಯೂಸ್ ಎಲೆಯಲ್ಲಿಟ್ಟು ನಿಂಬೆ ಹಿಂಡಿ ಕೊಟ್ಟದ್ದನ್ನು ತಿಂದಾಗ ಮೊದಲು ಹುಳಿ, ಆಮೇಲೆ ಖಾರ, ಕೊನೆಗೆ ಸಣ್ಣದೊಂದು ಹೊಗೆಯ ರುಚಿ. ಉರ್ಫಾ ಪ್ರದೇಶದ ಇಸೋತ್ ಮೆಣಸಿನಕಾಯಿಯನ್ನು ಹಗಲು ಬಿಸಿಲಿನಲ್ಲಿ ಒಣಗಿಸಿ, ರಾತ್ರಿ ಮುಚ್ಚಿಟ್ಟು ಬೆವರಿಸುವುದರಿಂದ ಅದಕ್ಕೆ ಆ ಕಪ್ಪು ಬಣ್ಣವೂ ರುಚಿಯೂ ಬರುತ್ತವೆ. ಇಸೋತ್ ತಮ್ಮಲ್ಲಿ ಸ್ವಲ್ಪವೇ ಉಳಿದಿದೆ, ಅದಕ್ಕೆ ಬ್ಯಾಡಗಿ ಬೆರೆಸುತ್ತೇನೆ ಎಂದು ಅವರು ತಾವಾಗಿಯೇ ಹೇಳಿದರು. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬದಲಾವಣೆ ನನಗೆ ಒಪ್ಪಿಗೆಯಾಯಿತು. ದಾಳಿಂಬೆ ಪಾಕದ ಬಾಟಲಿಯನ್ನು ಮಾತ್ರ ನಾನೇ ತಿರುಗಿಸಿ ಓದಿದೆ, ಏಕೆಂದರೆ ಗ್ಲೂಕೋಸ್ ಪಾಕಕ್ಕೆ ಸಿಟ್ರಿಕ್ ಆಮ್ಲ ಬೆರೆಸಿದ ಅಗ್ಗದ ಸಾಸ್ ಅದೇ ಚಿತ್ರ ಹೊತ್ತು ಮಾರುಕಟ್ಟೆಗೆ ಬರುತ್ತದೆ. ಅವರದು ದಾಳಿಂಬೆ ರಸವನ್ನು ಕಾಯಿಸಿ ಇಳಿಸಿದ್ದೇ ಆಗಿತ್ತು.

ಅವರ ಆಹಾರ ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ಪರಿಶೀಲಿಸಿ, ಹಸಿ ಮೊಟ್ಟೆಯ ಮೇಯನೇಸ್ ನಮ್ಮ ಸಮಾರಂಭಕ್ಕೆ ಬರಕೂಡದೆಂದು ಕರಾರಿನಲ್ಲೇ ಬರೆಸಿದೆ. ಕೇರಳವು 2023ರಲ್ಲಿ ಅದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮೊಸರು, ಬೆಳ್ಳುಳ್ಳಿ ಬೆರೆಸಿದ ವ್ಯಂಜನವಿರುವಾಗ ಅದರ ಅಗತ್ಯವೂ ಇಲ್ಲ.

ಪಟ್ಟಿಯಿಂದ ಕೈಬಿಟ್ಟವು ಹಲವು. ಇಸ್ತಾಂಬುಲ್‌ನ ಗಲಾಟಾ ಸೇತುವೆಯ ಬಳಿ ಮಾರುವ ಮೀನು ರೊಟ್ಟಿಯೂ ಅನ್ನ ತುಂಬಿದ ಚಿಪ್ಪಿಯೂ ಸಮುದ್ರ ಹತ್ತಿರವಿರುವ ಊರಿಗೆ ಸರಿ, ನಮಗಲ್ಲ. ಇಡೀ ಆಲೂಗಡ್ಡೆ ಸುಟ್ಟು ಮಾಡುವ ಕುಂಪಿರ್‌ಗೆ ಓವನ್ ಬೇಕು, ಒಂದು ಗಂಟೆಗೂ ಮೀರಿದ ಸಮಯ ಬೇಕು. ಸುಟ್ಟ ಮೆಕ್ಕೆಜೋಳ ಅಲ್ಲಿಯೂ ಬೀದಿ ತಿನಿಸೇ, ಆದರೆ ಮೆಕ್ಕೆಜೋಳ ಬೆಳೆಯುವ ಜಿಲ್ಲೆಯವರಿಗೆ ಅದನ್ನೇ ಅಪರೂಪವೆಂದು ಬಡಿಸಲು ನನಗೆ ಮನಸ್ಸಾಗಲಿಲ್ಲ.

ಸಿಮಿತ್‌ನ ವಿಷಯದಲ್ಲಿ ಹಳೆಯ ಪಾಠವೊಂದಿತ್ತು. ಹಿಂದಿನ ತಂಡ ಅದನ್ನು ಬೆಂಗಳೂರಿನಲ್ಲಿ ಬೆಳಗ್ಗೆಯೇ ಸುಟ್ಟು, ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಸುಮಾರು 260 ಕಿಲೋಮೀಟರ್ ಸಾಗಿಸಿ ತಂದಿತ್ತು. ಸಂಜೆಗೆ ಅದು ತೊಗಲಿನಂತಾಗಿತ್ತು. ಹೊರಗೆ ಗರಿಯಾಗಿ, ಒಳಗೆ ಮೆತ್ತಗೆ ಇರುವ ಹದ ಕೆಲವೇ ಗಂಟೆ ನಿಲ್ಲುತ್ತದೆ. ಆದ್ದರಿಂದ ಈ ಬಾರಿ ಮುಖ್ಯ ಅಡುಗೆಯವರನ್ನು ಒಂದು ದಿನ ಮೊದಲೇ ಕರೆಸಿ, ನಮ್ಮೂರಿನ ಹಳೆಯ ಬೇಕರಿಯೊಂದರ ಭಟ್ಟಿಯ ಮುಂದೆ ನಿಲ್ಲಿಸಿದೆ. ಟರ್ಕಿಯಲ್ಲಿ ಹಿಟ್ಟಿನ ಬಳೆಯನ್ನು ದ್ರಾಕ್ಷಿ ರಸ ಕಾಯಿಸಿದ ಪೆಕ್ಮೆಜ್ ಎಂಬ ಪಾಕದ ನೀರಿನಲ್ಲಿ ಅದ್ದಿ, ಎಳ್ಳಿನಲ್ಲಿ ಹೊರಳಿಸಿ ಸುಡುತ್ತಾರೆ. ಕಂದು ಬಣ್ಣ ಬರುವುದು ಆ ಪಾಕದಿಂದ, ಎಳ್ಳು ಕಚ್ಚಿಕೊಳ್ಳುವುದೂ ಅದರಿಂದಲೇ. ಪೆಕ್ಮೆಜ್ ಬದಲಿಗೆ ನಾವು ಜೋನಿ ಬೆಲ್ಲವನ್ನು ನೀರಿಗೆ ಬೆರೆಸಿದೆವು. ಮೊದಲ ತಟ್ಟೆಯಲ್ಲಿ ಬೆಲ್ಲ ಹೆಚ್ಚಾಗಿ ತಳ ಸೀದಿತು, ಎರಡನೆಯದು ಸರಿಯಾಯಿತು. ಇದಕ್ಕೆ ಮೊಟ್ಟೆಯೂ ಬೇಡ, ಬೆಣ್ಣೆಯೂ ಬೇಡ ಎಂಬುದು ನಮ್ಮ ಅತಿಥಿಗಳ ದೃಷ್ಟಿಯಿಂದ ದೊಡ್ಡ ಅನುಕೂಲ. ಸಮಾರಂಭದ ದಿನ ಮಧ್ಯಾಹ್ನ ನಾಲ್ಕಕ್ಕೆ ಸುಟ್ಟ 350 ಸಿಮಿತ್‌ಗಳು ಬಿದಿರಿನ ಬುಟ್ಟಿಗಳಲ್ಲಿ, ತೆಳು ಬಟ್ಟೆ ಹೊದ್ದು ತೋಟಕ್ಕೆ ಬಂದವು.

ಡೋನರ್‌ನ ಲೆಕ್ಕವನ್ನು ಗ್ರಾಹಕರಿಗೆ ತಿಳಿಹೇಳುವುದು ಕಷ್ಟ. ಅವರಿಗೆ ಆಳೆತ್ತರದ ಒಂದೇ ಮಾಂಸದ ಕಂಬ ಬೇಕಿತ್ತು, ಫೋಟೋಗೆ ಚೆನ್ನಾಗಿರುತ್ತದೆಂದು. ಆದರೆ ಸರಳು ತಿರುಗುವಾಗ ಬೇಯುವುದು ಹೊರಮೈ ಮಾತ್ರ. ಅದನ್ನು ಹೆರೆದ ಮೇಲೆ ಮುಂದಿನ ಪದರ ಬೇಯುವವರೆಗೆ ಕಾಯಲೇಬೇಕು. ನೂರು ಜನ ಒಟ್ಟಿಗೆ ಬಂದು ನಿಂತರೆ ಕಂಬ ಎಷ್ಟೇ ದೊಡ್ಡದಿದ್ದರೂ ಹೊರಮೈ ಒಂದೇ. ಆಗ ಅವಸರಕ್ಕೆ ಬಿದ್ದವರು ಅರೆಬೆಂದದ್ದನ್ನೇ ಕತ್ತರಿಸಿ, ಕಾವಲಿಯ ಮೇಲೆ ಎಣ್ಣೆ ಬಿಟ್ಟು ಹುರಿದು ಕೊಡುತ್ತಾರೆ. ಹಿಂದಿನ ಸಲ ಷವರ್ಮಾಕ್ಕೆ ಆದದ್ದು ಅದೇ. ಹಾಗಾಗಿ ತಲಾ 12 ಕಿಲೋದ ಎರಡು ಸರಳುಗಳಿಗೆ ಒಪ್ಪಿಸಿದೆ. 24 ಕಿಲೋ ಕೋಳಿ ಮಾಂಸ ಬೆಂದಾಗ ಮೂರನೆಯ ಒಂದು ಭಾಗ ಇಳಿಯುತ್ತದೆಂದು ಹಿಡಿದರೆ 16 ಕಿಲೋ ಉಳಿಯುತ್ತದೆ. ತಲಾ 100 ಗ್ರಾಂನಂತೆ 160 ಜನರಿಗೆ ಸಾಕು, ನಮ್ಮಲ್ಲಿದ್ದ ಮಾಂಸಾಹಾರಿಗಳು 140.

ಸಂಜೆ ತೋಟದಲ್ಲಿ ಎದ್ದ ಗಾಳಿಯನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಡುವಣದಿಂದ ಬೀಸಿದ ಗಾಳಿಗೆ ಗ್ಯಾಸ್ ಬರ್ನರ್‌ನ ಜ್ವಾಲೆ ಪಕ್ಕಕ್ಕೆ ಬಾಗಿ, ಒಂದು ಸರಳಿನ ಮಾಂಸ ಒಂದು ಬದಿ ಬಾಡಿ ಇನ್ನೊಂದು ಬದಿ ತೇವವಾಗಿಯೇ ಉಳಿಯಿತು. ತೋಟದ ಪಂಪ್ ಮನೆಯಿಂದ ತಗಡುಗಳನ್ನು ತರಿಸಿ ಮೂರು ಬದಿ ಮರೆಮಾಡಿ, ಆ ಸರಳಿನಿಂದ ಅರ್ಧ ಗಂಟೆ ಬಡಿಸುವುದನ್ನೇ ನಿಲ್ಲಿಸಿದೆವು. ಅಡುಗೆಯವರು ಹೆರೆದ ಮಾಂಸಕ್ಕೆ ಉಷ್ಣಮಾಪಕ ಇಟ್ಟು 75 ಡಿಗ್ರಿ ದಾಟಿದ್ದನ್ನು ನನಗೆ ತೋರಿಸಿದ ಮೇಲೆಯೇ ಮತ್ತೆ ಶುರುವಾಯಿತು. ಸಾಲಿನಲ್ಲಿದ್ದ ಕೆಲವರು ಬೇಸರಪಟ್ಟರು. ಅವರ ಬಳಿಗೆ ನಾನೇ ಹೋಗಿ ಕಾರಣ ಹೇಳಿ, ಐರಾನ್ ಕೊಡಿಸಿದೆ. ಐರಾನ್ ಎಂದರೆ ಮೊಸರು, ನೀರು, ಉಪ್ಪು, ಅಷ್ಟೇ. ನಮ್ಮ ಮಜ್ಜಿಗೆಗಿಂತ ಮಂದ, ಒಗ್ಗರಣೆಯಿಲ್ಲ, ಮೇಲೆ ದಪ್ಪ ನೊರೆ. ಅಪರಿಚಿತ ಊಟದಲ್ಲಿ ಹಿರಿಯರು ಮೊದಲು ಕೈಚಾಚಿದ್ದು ಅದಕ್ಕೇ.

ಗೊಜ್ಲೆಮೆಯ ಒಲೆಯನ್ನು ಮಾಂಸದ ಕಡೆಯಿಂದ ಮೂವತ್ತು ಅಡಿ ದೂರದಲ್ಲಿ, ಪ್ರತ್ಯೇಕ ಪಾತ್ರೆ, ಚಾಕು, ಜನರೊಂದಿಗೆ ಹೂಡಿದ್ದೆವು. ಬೋರಲು ಹಾಕಿದ ಬಾಣಲೆಯಂಥ ಉಬ್ಬು ಹಂಚು, ಬೆರಳು ದಪ್ಪದ ಉದ್ದನೆಯ ಲಟ್ಟಣಿಗೆ, ಹಿಂದೆ ಇಬ್ಬರು ಹೆಂಗಸರು. ಅವರು ನಮ್ಮೂರಿನ ರೊಟ್ಟಿ ಕೇಂದ್ರದವರೇ. ಎರಡು ದಿನದ ತರಬೇತಿಯಲ್ಲಿ ಹಾಳೆಯಷ್ಟು ತೆಳುವಾಗಿ ಲಟ್ಟಿಸುವುದನ್ನು ಕಲಿತಿದ್ದರು. ಅಲ್ಲಿನ ತೆಳು ರೊಟ್ಟಿಯ ಸಂಸ್ಕೃತಿಯನ್ನು ಯುನೆಸ್ಕೋ 2016ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ, ಆದರೆ ಈ ಹೆಂಗಸರ ಕೈಗೆ ಅದು ಹೊಸದೆನಿಸಲಿಲ್ಲ. ವಧುವಿನ ಅಜ್ಜಿ ಕುರ್ಚಿ ಹಾಕಿಸಿಕೊಂಡು ಒಲೆಯ ಮುಂದೆಯೇ ಕುಳಿತರು. ಪಾಲಕ್ ಮತ್ತು ಬಿಳಿ ಚೀಸ್ ಇಟ್ಟು ಮಡಿಸಿದ ಹಾಳೆ ಹಂಚಿನ ಮೇಲೆ ಉಬ್ಬಿ, ಕಂದು ಚುಕ್ಕೆಗಳೆದ್ದು, ಬೆಣ್ಣೆ ಸವರಿಸಿಕೊಂಡು ತಟ್ಟೆಗೆ ಬಂದಾಗ, “ಇದು ನಮ್ ಹೋಳಿಗೆ ಮಾಡಿದಂಗೇ ಐತಲ್ಲಪ್ಪಾ, ಹೂರ್ಣ ಅಷ್ಟೇ ಬ್ಯಾರೆ” ಎಂದು ಎರಡನೆಯದನ್ನೂ ಕೇಳಿದರು. ಚೀಸ್‌ಗೆ ಹಾಲನ್ನು ಗಟ್ಟಿ ಮಾಡಲು ಪ್ರಾಣಿಮೂಲದ ರೆನೆಟ್ ಬಳಸಿಲ್ಲವೆಂಬುದನ್ನು ನಾನು ಮೊದಲೇ ಕೇಳಿ ಖಚಿತಪಡಿಸಿಕೊಂಡಿದ್ದರಿಂದ ಅವರಿಗೆ ನಿಶ್ಚಿಂತೆಯಿಂದ ಬಡಿಸಲು ಸಾಧ್ಯವಾಯಿತು.

ಕೊಟ್ಟಂತೆ ಮಾಡಿ ಹಿಂದಕ್ಕೆಳೆದು ನಗಿಸುವ ದೊಂದುರ್ಮಾ ಐಸ್‌ಕ್ರೀಮಿನ ಆಟ ಮಕ್ಕಳ ಒತ್ತಾಯಕ್ಕೆ ಇತ್ತು. ಆ ಐಸ್‌ಕ್ರೀಮಿಗೆ ಎಳೆದರೆ ಹಿಗ್ಗುವ ಗುಣ ಕೊಡುವ ಸಲೆಪ್ ಕಾಡು ಆರ್ಕಿಡ್‌ನ ಗಡ್ಡೆಯ ಪುಡಿ, ಅದರ ರಫ್ತಿಗೆ ಟರ್ಕಿಯಲ್ಲಿ ನಿಷೇಧವಿದೆ. ಆದ್ದರಿಂದ ನಮ್ಮ ಗೋರಿಕಾಯಿ ಜಾತಿಯ ಬೀಜದ ಅಂಟನ್ನು ಬಳಸುವುದಾಗಿ ಅವರು ಹೇಳಿದಾಗ, ಫಲಕದಲ್ಲಿ ‘ಟರ್ಕಿ ಶೈಲಿಯ ಐಸ್‌ಕ್ರೀಂ’ ಎಂದಷ್ಟೇ ಬರೆಸಿದೆ.

ರಾತ್ರಿ ಹನ್ನೊಂದಕ್ಕೆ ಒಂದು ಸರಳಿನಲ್ಲಿ ಮೂರು ಕಿಲೋದಷ್ಟು ಮಾಂಸ ಉಳಿದಿತ್ತು. ವಧುವಿನ ಚಿಕ್ಕಪ್ಪ ಅದನ್ನು ಕಟ್ಟಿಕೊಡಿ, ನಾಳೆ ಬಿಸಿ ಮಾಡಿಕೊಳ್ಳುತ್ತೇವೆ ಎಂದರು. ಅಡುಗೆಯವರು ಕೈಮುಗಿದು, “ಒಳಗಿನದು ಗಂಟೆಗಟ್ಟಲೆ ಅರೆಬಿಸಿಯಲ್ಲಿ ಇದೆ ಅಣ್ಣ, ನಾನು ಕೊಡೋದಿಲ್ಲ” ಎಂದರು. ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಅಡುಗೆಯವರ ಪಕ್ಕಕ್ಕೆ ಹೋಗಿ ನಿಂತೆ. ಬುಟ್ಟಿಯಲ್ಲಿ ಉಳಿದಿದ್ದ ಹದಿನೆಂಟು ಸಿಮಿತ್‌ಗಳನ್ನು ಕಟ್ಟಿಸಿ ಅವರ ಕೈಗಿತ್ತೆ. ಮಾಂಸ ತೋಟದ ಮೂಲೆಯ ಗುಂಡಿಗೆ ಹೋಯಿತು.